ಜನರೇಟರ್ ಎಂಜಿನ್ನಿನಲ್ಲಿ ಆಯಿಲ್ ಸೋರಿಕೆ: ಮೂಲ ಹುಡುಕುವ ಬಗೆ, ಸರಿಪಡಿಸುವ ಬಗೆ



ಚಳಿ ಕಳೆದು ಬಿಸಿಲು ಏರಲು ತೊಡಗಿತೆಂದರೆ ನಮ್ಮ ಸಂಘದ ಮಳಿಗೆಯಲ್ಲಿ ಎರಡು ಸಾಮಾನುಗಳಿಗೆ ಕೇಳಿಕೆ ಹೆಚ್ಚುತ್ತದೆ. ಒಂದು, ಸ್ಪ್ರಿಂಕ್ಲರ್ ಪೈಪಿನ ರಬ್ಬರ್ ವಾಷರ್. ಇನ್ನೊಂದು, ಎಂಜಿನ್ನಿನ ಆಯಿಲ್ ಸೀಲು. ವಾಷರಿನ ವಿಷಯದಲ್ಲಿ ನಾನು ಹೇಳಬೇಕಾದುದೇನೂ ಇಲ್ಲ. ಆದರೆ ಒಂದೇ ಎಂಜಿನ್ನಿಗೆ ಒಂದೇ ಬೇಸಿಗೆಯಲ್ಲಿ ಮೂರು ಸಲ ಸೀಲು ಕೊಂಡೊಯ್ಯುವ ಸದಸ್ಯರನ್ನು ಕಂಡಾಗ, ಮಾರಾಟವಾಯಿತೆಂದು ಸಂತೋಷಪಡುವುದಕ್ಕಿಂತ ಸಂಕಟವೇ ಹೆಚ್ಚಾಗುತ್ತದೆ. ಮೂರು ಸಲ ಸೀಲು ಬದಲಿಸಿಯೂ ನಿಲ್ಲದ ಸೋರಿಕೆ ಸೀಲಿನದಲ್ಲ ಎಂದು ತಿಳಿಯಬೇಕು. ನಾನು ಮೆಕ್ಯಾನಿಕ್ ಅಲ್ಲ, ಬಿ.ಎಸ್ಸಿ. ಮುಗಿಸಿ ತೋಟಕ್ಕೆ ಬಂದವನು. ಆದರೂ ಈ ಪಾಠವನ್ನು ಕೈಯಿಂದ ಹಣ ಕೊಟ್ಟು ಕಲಿತಿರುವುದರಿಂದ ಇಲ್ಲಿ ಬರೆಯುವ ಧೈರ್ಯ ಮಾಡಿದ್ದೇನೆ.

ಹನಿಯ ಲೆಕ್ಕ

"ಸ್ವಲ್ಪ ಸೋರುತ್ತದೆ, ಮೇಲಿಂದ ಹಾಕಿಕೊಂಡು ಓಡಿಸುತ್ತಿದ್ದೇವೆ" ಎನ್ನುವವರು ಬಹಳ. ಈ ಸ್ವಲ್ಪ ಎಂದರೆ ಎಷ್ಟೆಂದು ನೋಡೋಣ. ಎರಡು ಸೆಕೆಂಡಿಗೆ ಒಂದು ಹನಿ ಬೀಳುತ್ತಿದೆ ಎಂದಿಟ್ಟುಕೊಳ್ಳಿ. ಗಂಟೆಗೆ 1,800 ಹನಿ ಆಯಿತು. ಒಂದು ಮಿಲಿಲೀಟರಿಗೆ ಸುಮಾರು 40 ಹನಿ ಎಂದು ಹಿಡಿದರೆ ಗಂಟೆಗೆ 45 ಮಿಲಿಲೀಟರ್. ಹತ್ತು ಗಂಟೆಯ ಒಂದು ರಾತ್ರಿ ನೀರಾವರಿಗೆ 450 ಮಿಲಿಲೀಟರ್. ಅಂದರೆ ಹತ್ತಿರ ಹತ್ತಿರ ಅರ್ಧ ಲೀಟರ್. ಸಣ್ಣ ಒಂಟಿ ಸಿಲಿಂಡರ್ ಎಂಜಿನ್ನಿನ ಸಂಪಿನಲ್ಲಿ ಇರುವುದೇ ಮೂರು-ನಾಲ್ಕು ಲೀಟರ್. ಎರಡು ರಾತ್ರಿ ಡಿಪ್ ಸ್ಟಿಕ್ ನೋಡುವುದನ್ನು ಮರೆತರೆ ಮೂರನೆಯ ರಾತ್ರಿ ಬೇರಿಂಗಿಗೆ ಆಪತ್ತು. ಆಯಿಲ್ ಪ್ರೆಷರ್ ಇಳಿದರೆ ತಾನೇ ನಿಲ್ಲುವ ಏರ್ಪಾಡು ನಮ್ಮ ಎಷ್ಟೋ ಹಳೆಯ ಎಂಜಿನ್ನುಗಳಲ್ಲಿ ಇಲ್ಲ. ಇದ್ದರೂ ಅದು ಎಚ್ಚರಿಸುವುದು ಪ್ರೆಷರ್ ಬಿದ್ದ ಮೇಲೆ; ಸೋರಿಕೆ ಶುರುವಾದಾಗ ಅಲ್ಲ.

ಹಾನಿ ಎಂಜಿನ್ನಿಗೆ ಮಾತ್ರವಲ್ಲ. ರೋಬಸ್ಟಾಕ್ಕೆ ಹೂವಿನ ನೀರು ಕೊಡುವ ದಿನಗಳು ಎಣಿಕೆಯವು. ಒಂದರಿಂದ ಒಂದೂವರೆ ಇಂಚಿನಷ್ಟು ನೀರು ಒಂದೇ ಸಲಕ್ಕೆ ಸಿಕ್ಕಿದರೆ ಮೊಗ್ಗು ಎಂಟು-ಹತ್ತು ದಿನಗಳಲ್ಲಿ ಒಟ್ಟಾಗಿ ಅರಳುತ್ತದೆ. ನೀರು ಅರ್ಧಕ್ಕೆ ನಿಂತರೆ ಮೊಗ್ಗು ಎಚ್ಚೆತ್ತೂ ಪೂರ್ತಿ ಅರಳದೆ ಕೆಡುತ್ತದೆ. ಆ ವರ್ಷದ ಫಸಲು ಅಲ್ಲಿಗೆ ಮುಗಿಯಿತು.

ಮೊದಲ ಕೆಲಸ: ತೊಳೆಯುವುದು

ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಆಯಿಲ್ ಮೇಲಿನಿಂದ ಇಳಿಯುತ್ತದೆ. ಫ್ಯಾನಿನ ಗಾಳಿಗೆ ಹಿಂದಕ್ಕೆ ಸರಿಯುತ್ತದೆ. ಬೋಲ್ಟಿನ ತುದಿ, ಸಂಪಿನ ಅಂಚು ಮುಂತಾದ ತಗ್ಗಿನಲ್ಲಿ ಸೇರಿ ಅಲ್ಲಿಂದ ತೊಟ್ಟಿಕ್ಕುತ್ತದೆ. ಹೀಗಾಗಿ ಎಂಜಿನ್ನಿನ ತಲೆಯಲ್ಲಿರುವ ದೋಷಕ್ಕೆ ಬುಡದಲ್ಲಿರುವ ಗ್ಯಾಸ್ಕೆಟ್ ಬದಲಾಯಿಸುವುದು ನಡೆಯುತ್ತದೆ.

ಆದುದರಿಂದ ಸ್ಪ್ಯಾನರ್ ಹಿಡಿಯುವುದಕ್ಕೆ ಮೊದಲು ಎಂಜಿನ್ ತೊಳೆಯಬೇಕು. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬ್ಯಾಟರಿ ಇದ್ದರೆ ಅದರ ನೆಗೆಟಿವ್ ವೈರು ಬಿಚ್ಚಿಡಿ. ಆಲ್ಟರ್ನೇಟರಿನ ಬಾಯಿಗೆ ಮತ್ತು ಏರ್ ಕ್ಲೀನರಿಗೆ ಪ್ಲಾಸ್ಟಿಕ್ ಸುತ್ತಿ, ಬ್ರಷ್ಷನ್ನು ಸ್ವಲ್ಪ ಡೀಸೆಲ್‌ನಲ್ಲಿ ಅದ್ದಿ ಜಿಡ್ಡು ತೆಗೆದು, ಸೋಪಿನ ನೀರಿನಿಂದ ಒರೆಸಿ ಚೆನ್ನಾಗಿ ಒಣಗಿಸಿ. ಡೀಸೆಲ್ ಒದ್ದೆ ಇರುವಾಗ ಸ್ಟಾರ್ಟ್ ಮಾಡಬೇಡಿ. ಬೀಡಿ ಸೇದುವವರನ್ನು ದೂರವಿಡಿ. ನಂತರ ಸಂಶಯವಿರುವ ಜಾಗಗಳ ಮೇಲೆ, ತಿರುಗುವ ಭಾಗ ಮತ್ತು ಏರ್ ಕ್ಲೀನರಿನ ಬಳಿ ಬಿಟ್ಟು, ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ. ಹೆಚ್ಚುವರಿಯನ್ನು ಬಾಯಿಂದ ಊದಿ. ಕೆಳಗೆ ಬಿಳಿ ಕಾಗದ ಹಾಸಿ, ಹತ್ತು-ಹದಿನೈದು ನಿಮಿಷ ಲೋಡಿನಲ್ಲಿ ಓಡಿಸಿ ನಿಲ್ಲಿಸಿ. ಬಿಳಿಯ ಮೇಲೆ ಕಪ್ಪು ಗೆರೆ ಮೂಡಿರುತ್ತದೆ. ಆ ಗೆರೆಯ ಅತಿ ಮೇಲಿನ ತುದಿ ಎಲ್ಲಿದೆಯೋ ಅಲ್ಲೇ ಸೋರಿಕೆಯ ಹುಟ್ಟು. ಏನೂ ಕಾಣದಿದ್ದರೆ ಇನ್ನರ್ಧ ಗಂಟೆ ಓಡಿಸಿ ನೋಡಿ. ಕೆಲವು ಸೋರಿಕೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲಷ್ಟೇ ಕಾಣಿಸಿಕೊಳ್ಳುತ್ತದೆ. ಈ ಪರೀಕ್ಷೆಯನ್ನು ಮುಚ್ಚಿದ ಕೋಣೆಯಲ್ಲಿ ಖಂಡಿತ ಮಾಡಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಸೋರುತ್ತಿರುವುದು ಯಾವುದು?

ಕಾಗದದ ಮೇಲೆ ಬಿದ್ದ ಹನಿಯನ್ನು ಬೆರಳಿನಲ್ಲಿ ಉಜ್ಜಿ, ಮೂಸಿ ನೋಡಿ. ಜಿಗುಟಾಗಿ ಕಪ್ಪಗಿದ್ದರೆ ಎಂಜಿನ್ ಆಯಿಲ್. ನೀರಿನಂತೆ ತೆಳ್ಳಗಿದ್ದು ಡೀಸೆಲ್ ವಾಸನೆ ಬಂದರೆ ಪಂಪು ಅಥವಾ ಪೈಪಿನ ಜೋಡಣೆಯಿಂದ ಬರುತ್ತಿರುವ ಡೀಸೆಲ್.

ಇನ್ನೊಂದು ಬಗೆ ಇದೆ. ಸೈಲೆನ್ಸರ್ ಸೇರುವ ಜಾಗದಿಂದ ಕಪ್ಪು ಡಾಮರಿನಂತಹ ರಸ ಇಳಿಯುತ್ತದೆ. ನೋಡಿದವರೆಲ್ಲ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಗಾಬರಿಯಾಗುತ್ತಾರೆ. ಅನೇಕ ವೇಳೆ ಇದು ಸೋರಿಕೆಯೇ ಅಲ್ಲ. ದೊಡ್ಡ ಜನರೇಟರನ್ನು ಮನೆಯ ನಾಲ್ಕು ದೀಪ, ಒಂದು ಫ್ರಿಜ್ಜಿಗಾಗಿ ಗಂಟೆಗಟ್ಟಲೆ ಓಡಿಸಿದರೆ ಎಂಜಿನ್ ತಕ್ಕಷ್ಟು ಬಿಸಿಯಾಗದೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದ ಡೀಸೆಲ್, ಮಸಿ, ಆಯಿಲ್ ಮೂರೂ ಸೇರಿ ಹೊರಬರುವ ರಸ ಇದು. ತನ್ನ ಶಕ್ತಿಯ ಶೇಕಡ 30ಕ್ಕಿಂತ ಕಡಿಮೆ ಲೋಡಿನಲ್ಲಿ ಡೀಸೆಲ್ ಜನರೇಟರನ್ನು ಬಹಳ ಹೊತ್ತು ಓಡಿಸಬಾರದು. ಪಲ್ಪರ್ ಅಥವಾ ನೀರಿನ ಮೋಟಾರಿನಂತಹ ಭಾರವಾದ ಲೋಡ್ ಕೊಟ್ಟು, ಶೇಕಡ 70-75ರಲ್ಲಿ ಕೆಲವು ಗಂಟೆ ಓಡಿಸಿದರೆ ಈ ರಸ ತಾನೇ ಒಣಗುತ್ತದೆ. ಆಮೇಲೂ ನಿಲ್ಲದಿದ್ದರೆ ಮಾತ್ರ ಇಂಜೆಕ್ಟರ್ ಮತ್ತು ಪಿಸ್ಟನ್ ರಿಂಗಿನ ತಪಾಸಣೆ ಬೇಕು.

ಡಿಪ್ ಸ್ಟಿಕ್ ಹೇಳುವ ಮಾತು

ಆಯಿಲ್ ಕಡಿಮೆಯಾದರೆ ಎಲ್ಲರೂ ಚಿಂತಿಸುತ್ತಾರೆ. ಹೆಚ್ಚಾದರೆ ಯಾರೂ ಚಿಂತಿಸುವುದಿಲ್ಲ. ಹೊರಗೆ ಸೋರುತ್ತಿದ್ದರೂ ಡಿಪ್ ಸ್ಟಿಕ್ಕಿನಲ್ಲಿ ಮಟ್ಟ ಇಳಿಯದಿದ್ದರೆ, ಅಥವಾ ಏರಿದ್ದರೆ, ಅದು ಬಹಳ ಕೆಟ್ಟ ಸೂಚನೆ. ಡೀಸೆಲ್ ಪಂಪಿನಿಂದಲೋ ಕೆಟ್ಟ ಇಂಜೆಕ್ಟರಿನಿಂದಲೋ ಡೀಸೆಲ್ ಸಂಪಿಗೆ ಇಳಿಯುತ್ತಿದೆ ಎಂದರ್ಥ. ಸ್ಟಿಕ್ಕನ್ನು ಮೂಸಿ ನೋಡಿದರೆ ತಿಳಿಯುತ್ತದೆ. ತೆಳುವಾದ ಆಯಿಲ್ ಮೊದಲು ಸೋರದಿದ್ದ ಸಂದಿಗಳಲ್ಲೂ ಸೋರುತ್ತದೆ, ಬೇರಿಂಗನ್ನೂ ಕಾಯುವುದಿಲ್ಲ. ಮಟ್ಟ ಬಹಳ ಏರಿದರೆ ಎಂಜಿನ್ ತನ್ನ ಆಯಿಲನ್ನೇ ಉರುವಲಾಗಿ ಎಳೆದುಕೊಂಡು, ಡೀಸೆಲ್ ನಿಲ್ಲಿಸಿದರೂ ನಿಲ್ಲದೆ ಓಡುವ ಅಪಾಯವಿದೆ. ಇಂಥ ಎಂಜಿನ್ನನ್ನು ಕೂಡಲೇ ನಿಲ್ಲಿಸಿ, ಕಾರಣ ಸರಿಪಡಿಸಿ, ಆಯಿಲ್ ಪೂರ್ತಿ ಬದಲಿಸಿಯೇ ಮತ್ತೆ ಓಡಿಸತಕ್ಕದ್ದು. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಅದಕ್ಕೂ ಇದೇ ನಿಯಮ.

"ತುಂಬ ಹಾಕಿದರೆ ಒಳ್ಳೆಯದು" ಎಂದು ಮೇಲಿನ ಗೆರೆ ದಾಟಿಸಿ ಸುರಿಯುವ ಅಭ್ಯಾಸವೂ ಸೋರಿಕೆಗೆ ಕಾರಣ. ಎಂಜಿನ್ ಸಮತಟ್ಟಾಗಿ ಕುಳಿತಿದೆಯೇ ನೋಡಿ. ಓರೆಯಾಗಿ ಇಟ್ಟಿದ್ದರೆ ಡಿಪ್ ಸ್ಟಿಕ್ಕಿನ ಅಳತೆಯೇ ಸುಳ್ಳು.

ಮೇಲಿನಿಂದ ಕೆಳಕ್ಕೆ ಹುಡುಕಿ

ಮೊದಲು ರಾಕರ್ ಕವರ್. ಇದರ ಗ್ಯಾಸ್ಕೆಟ್ ಗಟ್ಟಿಯಾಗಿ ಬಿರಿದಿರುತ್ತದೆ. ಇಲ್ಲವೇ ಯಾರೋ ಬಲಶಾಲಿಗಳು ಬೋಲ್ಟನ್ನು ಅತಿಯಾಗಿ ಬಿಗಿದು ತಗಡಿನ ಕವರನ್ನು ಬಗ್ಗಿಸಿರುತ್ತಾರೆ. ಗಾಜಿನ ಹಲಗೆಯ ಮೇಲೆ ಇಟ್ಟು ನೋಡಿದರೆ ಬಗ್ಗಿರುವುದು ಕಾಣುತ್ತದೆ. ಆಮೇಲೆ ಪುಷ್ ರಾಡ್ ಕೊಳವೆ ಹೊರಗಿದ್ದರೆ ಅದರ ಎರಡು ತುದಿಯ ರಬ್ಬರ್ ಉಂಗುರ, ಪ್ರೆಷರ್ ಗೇಜಿಗೆ ಹೋಗುವ ಸಣ್ಣ ಪೈಪು, ಪ್ರೆಷರ್ ಸ್ವಿಚ್, ಡೀಸೆಲ್ ಪಂಪು ಕೂರುವ ಜಾಗ, ಫಿಲ್ಟರ್, ಪಕ್ಕದ ಬಾಗಿಲು, ಕೊನೆಗೆ ಡ್ರೈನ್ ಪ್ಲಗ್. ಪ್ರೆಷರ್ ಇರುವ ಪೈಪು ಮತ್ತು ಸ್ವಿಚ್ಚಿನ ಸೋರಿಕೆಯನ್ನು ಅಲಕ್ಷಿಸಬೇಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಅದು ಸಂಪನ್ನು ಬೇಗ ಬರಿದು ಮಾಡುತ್ತದೆ. ಬಿಸಿ ಸೈಲೆನ್ಸರ್ ಮೇಲೆ ಚಿಮ್ಮಿದರೆ ಬೆಂಕಿಯೂ ಆದೀತು.

ಇವುಗಳಲ್ಲಿ ಹೆಚ್ಚಿನವು ತೋಟದಲ್ಲೇ ಆಗುವ ಕೆಲಸ. ಹಳೆಯ ಗ್ಯಾಸ್ಕೆಟನ್ನು ಮೈ ಗೀರದಂತೆ ಕೆರೆದು, ಎರಡೂ ಮುಖ ಒರೆಸಿ, ಹೊಸದನ್ನು ಕೂರಿಸಿ, ಬೋಲ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸಿಲಿಕಾನ್ ಅಂಟನ್ನು ರೊಟ್ಟಿಗೆ ಬೆಣ್ಣೆ ಹಚ್ಚಿದಂತೆ ಹಚ್ಚುವುದು ತಪ್ಪು. ಹೊರಗೆ ಉಬ್ಬಿದಷ್ಟೇ ಒಳಗೂ ಉಬ್ಬಿರುತ್ತದೆ. ಅದು ಕಳಚಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿದರೆ ಎಂಜಿನ್ನಿನ ಗಂಟಲು ಕಟ್ಟುತ್ತದೆ. ಡ್ರೈನ್ ಪ್ಲಗ್ ಮತ್ತು ಪೈಪಿನ ತಾಮ್ರದ ವಾಷರುಗಳು ಬಿಗಿದು ಬಿಗಿದು ಗಟ್ಟಿಯಾಗುತ್ತವೆ. ಹೊಸದು ಸಿಗದಿದ್ದರೆ ಹಳೆಯದನ್ನು ಕೆಂಡದಲ್ಲಿ ಕೆಂಪಾಗುವವರೆಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗಿ ಕೆಲಸಕ್ಕೆ ಬರುತ್ತದೆ.

ನಾನು ಕಲಿತ ಪಾಠ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕೆರೆಯ ಶೆಡ್ಡಿನಲ್ಲಿರುವ ಎರಡು ಸಿಲಿಂಡರಿನ ಜನರೇಟರ್ ಮಳೆಗಾಲವಿಡೀ ಸುಮ್ಮನೆ ನಿಂತಿತ್ತು. ಫೆಬ್ರವರಿಯಲ್ಲಿ ಓಡಿಸಿದಾಗ ಪುಲ್ಲಿಯ ಕಡೆಯ ಸೀಲಿನಿಂದ ಆಯಿಲ್ ಬರತೊಡಗಿತು. ಪೇಟೆಯಿಂದ ಬಂದ ಮೆಕ್ಯಾನಿಕ್ ಸೀಲು ಬದಲಿಸಿದರು. ಎರಡು ದಿನ ಒಣಗಿತ್ತು, ಮೂರನೆಯ ದಿನ ಮತ್ತೆ ಶುರು. ಸೀಲೇ ನಕಲಿ ಎಂದು ಇನ್ನೊಂದು ಹಾಕಿಸಿದೆವು. ಜೊತೆಗೆ ಸಂಪಿನ ಗ್ಯಾಸ್ಕೆಟನ್ನೂ ಬದಲಿಸಿದ್ದಾಯಿತು. ಸೋರಿಕೆ ಮಾತ್ರ ನಿಲ್ಲಲಿಲ್ಲ. ನೀರಿನ ಗಡಿಬಿಡಿ; ಆಯಿಲ್ ಸುರಿಯುತ್ತ ಓಡಿಸುವುದೆಂದು ನಾನೇ ಹೇಳಿದೆ. ಆ ತೀರ್ಮಾನ ನನ್ನದು, ಮೆಕ್ಯಾನಿಕ್‌ನದಲ್ಲ.

ಒಂದು ರಾತ್ರಿ ಎರಡು ಗಂಟೆಗೆ ಆಯಿಲ್ ನೋಡಬೇಕಾಗಿದ್ದವನಿಗೆ ನಿದ್ದೆ ಹತ್ತಿತು. ಹಗಲಿಡೀ ಪೈಪು ಹೊತ್ತವನನ್ನು ಬೈಯುವುದು ಹೇಗೆ? ಪೈಪು ಬದಲಿಸಲು ಬಂದ ಇನ್ನೊಬ್ಬ ಕೆಲಸಗಾರ ಎಂಜಿನ್ನಿನ ಶಬ್ದ ಬೇರೆಯಾಗಿದ್ದನ್ನು ಕೇಳಿ, ಗೇಜಿನ ಮುಳ್ಳು ಬಿದ್ದಿದ್ದನ್ನು ನೋಡಿ ನಿಲ್ಲಿಸಿದ. ಎಂಜಿನ್ ಉಳಿಯಿತು. ಆದರೆ ಮತ್ತೆ ನೀರು ಶುರುವಾಗಲು ನಾಲ್ಕು ದಿನ ಬೇಕಾಯಿತು. ಅರ್ಧ ನೀರು ಕಂಡಿದ್ದ ಕೆಳಗಿನ ನಾಲ್ಕು ಎಕರೆಯಲ್ಲಿ ಆ ವರ್ಷ ಹೂವು ಒಟ್ಟಾಗಿ ಅರಳಲಿಲ್ಲ. ಕೊಯ್ಲಿನ ಹೊತ್ತಿಗೆ ಗಿಡದ ಮುಂದೆ ನಿಂತು ಲೆಕ್ಕ ಹಾಕುವ ಮನಸ್ಸೂ ಆಗಲಿಲ್ಲ.

ಮೂಲ ಕಂಡುಹಿಡಿದವನು ಅದೇ ಕೆಲಸಗಾರ. "ಸಾವ್ಕಾರ್ರೆ, ಈ ಪೈಪಿನ ಬಾಯಲ್ಲಿ ಗಾಳಿನೇ ಬರ್ತಿಲ್ವಲ್ಲ. ಮೇಲಿನ ತೋಟದ ಎಂಜಿನ್ನಲ್ಲಿ ಪುಸುಪುಸು ಅಂತ ಬರ್ತದೆ" ಎಂದ. ಅವನು ತೋರಿಸಿದ್ದು ಬ್ರೀದರ್ ಪೈಪು. ಕಡ್ಡಿ ಹಾಕಿ ಕೆದಕಿದಾಗ ಒಣಗಿದ ಮಣ್ಣಿನ ಉಂಡೆ ಉದುರಿತು. ಅದರೊಳಗೆ ಸತ್ತ ಜೇಡಗಳು. ಮಳೆಗಾಲದಲ್ಲಿ ಕುಂಬಾರ ಹುಳ ಬ್ರೀದರಿನೊಳಗೆ ಗೂಡು ಕಟ್ಟಿ, ಮರಿಗೆ ಬುತ್ತಿ ಇಟ್ಟು ಹೋಗಿತ್ತು. ಗೂಡು ತೆಗೆದು ಓಡಿಸಿದೆವು. ಅದೇ ಸೀಲು ಅಂದಿನಿಂದ ಒಂದು ಹನಿ ಬಿಡಲಿಲ್ಲ.

ಬ್ರೀದರ್ ಏಕೆ ಮುಖ್ಯ

ಪಿಸ್ಟನ್ ಎಷ್ಟೇ ಹೊಸದಿರಲಿ, ರಿಂಗಿನ ಸಂದಿಯಿಂದ ಸ್ವಲ್ಪ ಅನಿಲ ಕೆಳಗಿನ ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ. ಅದು ಹೊರಹೋಗಲು ಇರುವ ದಾರಿಯೇ ಬ್ರೀದರ್. ಅನೇಕ ಸಣ್ಣ ಎಂಜಿನ್ನುಗಳಲ್ಲಿ ಇದರೊಳಗೆ ಗಾಳಿಯನ್ನು ಹೊರಗೆ ಮಾತ್ರ ಬಿಡುವ ತೆಳು ತಟ್ಟೆಯ ವಾಲ್ವೂ ಇರುತ್ತದೆ. ದಾರಿ ಮುಚ್ಚಿದರೆ, ಇಲ್ಲವೇ ಆ ತಟ್ಟೆ ಮಡ್ಡಿಗೆ ಅಂಟಿಕೊಂಡರೆ, ಒಳಗೆ ಒತ್ತಡ ಏರುತ್ತದೆ. ಗಂಜಿ ಉಕ್ಕುವಾಗ ಮುಚ್ಚಳ ಒತ್ತಿ ಹಿಡಿದರೆ ಅಂಚಿನಿಂದ ಬರುವುದಿಲ್ಲವೇ? ಹಾಗೆಯೇ ಆಯಿಲ್ ಅತಿ ದುರ್ಬಲ ಜಾಗದಿಂದ ನುಗ್ಗುತ್ತದೆ. ಸಾಮಾನ್ಯವಾಗಿ ಆ ಜಾಗ ಸೀಲಿನದು. ಆದುದರಿಂದ ಸೀಲು ಕೊಳ್ಳಲು ಮಳಿಗೆಗೆ ಬರುವ ಮೊದಲು ಬ್ರೀದರ್ ಬಿಚ್ಚಿ, ತೊಳೆದು, ಊದಿ ನೋಡಿ.

ಬ್ರೀದರ್ ಶುದ್ಧವಿದ್ದೂ ಒತ್ತಡ ಇದೆಯೇ ಎಂದು ತಿಳಿಯಲು, ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಬಿಚ್ಚಿ, ತಲೆಕೆಳಗಾಗಿ ಬಾಯಿಯ ಮೇಲೆ ಸುಮ್ಮನೆ ಇಟ್ಟು ನೋಡಿ. ಕೈ-ಬಟ್ಟೆ ಬೆಲ್ಟಿನಿಂದ ದೂರವಿರಲಿ. ಸ್ವಲ್ಪ ಕುಣಿಯುವುದು ಸಹಜ. ಎಗರಿ ಬಿದ್ದು, ಹೊಗೆಯೂ ಎಡೆಬಿಡದೆ ಬಂದರೆ ರಿಂಗು ಅಥವಾ ಲೈನರ್ ಸವೆದಿದೆ ಎಂದು ತಿಳಿಯಬೇಕು. ನೀಲಿ ಹೊಗೆ, ತಡವಾಗಿ ಸ್ಟಾರ್ಟ್ ಆಗುವುದು, ಆಯಿಲ್ ಖರ್ಚು ಇವೂ ಜೊತೆಗಿರುತ್ತವೆ. ಅಂಥ ಎಂಜಿನ್ನಿಗೆ ಸೀಲು ಹಾಕುವುದು ವ್ಯರ್ಥ. ರಿಂಗಿನ ಕೆಲಸವನ್ನೇ ಮಾಡಿಸಬೇಕು.

ಸೀಲು ಹಾಕಲೇಬೇಕಾದಾಗ

ಮೇಲಿನದೆಲ್ಲ ಸರಿ ಇದ್ದು ಸೀಲೇ ಹೋಗಿದ್ದರೆ, ನಾಲ್ಕು ವಿಷಯ ಗಮನಿಸಿ. ಒಂದು, ಸ್ಪ್ರಿಂಗ್ ಇರುವ ತುಟಿ ಆಯಿಲ್ ಇರುವ ಕಡೆಗೆ ಮುಖ ಮಾಡಿರಬೇಕು. ಎರಡು, ಹಳೆಯ ಸೀಲು ಕುಳಿತ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಮನೆಯಲ್ಲಿ ಜಾಗವಿದ್ದರೆ ಒಂದೆರಡು ಮಿಲಿಮೀಟರ್ ಸರಿಸಿ ಕೂರಿಸಿ, ಇಲ್ಲದಿದ್ದರೆ ಶಾಫ್ಟಿಗೆ ತೆಳು ಬುಷ್ ಹಾಕಿಸಿ. ಮೂರು, ಶಾಫ್ಟನ್ನು ಮೇಲೆ ಕೆಳಗೆ ಆಡಿಸಿ. ಆಟವಿದ್ದರೆ ಬೇರಿಂಗ್ ಸವೆದಿದೆ, ಯಾವ ಸೀಲೂ ನಿಲ್ಲದು. ನಾಲ್ಕು, ತುಟಿಗೆ ಆಯಿಲ್ ಸವರಿ, ಶಾಫ್ಟಿನ ಕೀ ಜಾಗಕ್ಕೆ ತೆಳು ಪ್ಲಾಸ್ಟಿಕ್ ಸುತ್ತಿ ತುಟಿ ಕೊಯ್ಯದಂತೆ ಜಾರಿಸಿ, ಸೀಲಿನಷ್ಟೇ ಅಗಲದ ಪೈಪಿನ ತುಂಡಿನಿಂದ ಸುತ್ತಲೂ ಸಮನಾಗಿ ಬಡಿದು ಕೂರಿಸಿ.

ಆಲ್ಟರ್ನೇಟರ್ ಕಡೆಯ ಸೀಲನ್ನು ಮುಂದಿನ ವರ್ಷಕ್ಕೆಂದು ತಳ್ಳಬೇಡಿ. ಅಲ್ಲಿ ಸೋರಿದ ಆಯಿಲ್ ಫ್ಯಾನಿನ ಗಾಳಿಗೆ ಸಿಕ್ಕಿ ವೈಂಡಿಂಗಿಗೆ ಮೆತ್ತುತ್ತದೆ; ಧೂಳು ಅಂಟುತ್ತದೆ; ಬಿಸಿ ಹೊರಹೋಗದೆ ವೈಂಡಿಂಗ್ ಸುಡುತ್ತದೆ. ಆಲ್ಟರ್ನೇಟರ್ ಬಿಚ್ಚಿ ಮತ್ತೆ ನೇರವಾಗಿ ಜೋಡಿಸುವುದು ಬಲ್ಲವರ ಕೆಲಸ. ಇಲ್ಲಿ ಮಾತ್ರ ಮೆಕ್ಯಾನಿಕ್‌ನ ಕೂಲಿ ಉಳಿಸಲು ಹೋಗಬಾರದು.

ಕೊನೆಯ ಮಾತು

ಹಳೆಯ ಆಯಿಲನ್ನು ಹಳ್ಳಕ್ಕೆ ಚೆಲ್ಲುವುದಾಗಲಿ, ಗೆದ್ದಲು ಬಾರದಿರಲೆಂದು ಬೇಲಿಯ ಕಂಬಕ್ಕೆ ಬಳಿಯುವುದಾಗಲಿ ಬೇಡ. ನಾವು ಕುಡಿಯುವುದು ಅದೇ ನೀರು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲೂ ಸೇರಿದೆ. ಡಬ್ಬಿಯಲ್ಲಿ ತುಂಬಿಟ್ಟು, ಪರವಾನಗಿ ಇರುವ ಸಂಗ್ರಹಕಾರರಿಗೇ ಕೊಡಿ. ಕೈಗೆ ಹತ್ತಿದರೆ ಸೋಪು ಹಾಕಿ ತೊಳೆಯಿರಿ. ದಿನವೂ ಚರ್ಮಕ್ಕೆ ತಾಗುವುದು ಆರೋಗ್ಯಕ್ಕೆ ಕೇಡು. ಜನರೇಟರ್ ಶೆಡ್ಡಿನಲ್ಲಿ ಅಡಿಕೆ ಸಿಪ್ಪೆ, ಗೋಣಿಚೀಲ ರಾಶಿ ಹಾಕಬೇಡಿ. ಆಯಿಲ್ ಕುಡಿದ ಸಿಪ್ಪೆಗೆ ಒಂದು ಕಿಡಿ ಸಾಕು.

ಮಳೆಗಾಲಕ್ಕೆ ಎಂಜಿನ್ ನಿಲ್ಲಿಸುವಾಗ ಬ್ರೀದರ್ ಮತ್ತು ಸೈಲೆನ್ಸರಿನ ಬಾಯಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಕಟ್ಟಿ. ಬಟ್ಟೆ ತುರುಕಬೇಡಿ, ತೆಗೆಯಲು ಮರೆಯುವುದು ಮನುಷ್ಯ ಸ್ವಭಾವ. ಎಂಜಿನ್ನಿನ ಪಕ್ಕದಲ್ಲಿ ಒಂದು ಪುಸ್ತಕ ತೂಗುಹಾಕಿ, ಓಡಿದ ಗಂಟೆ, ಹಾಕಿದ ಆಯಿಲ್ ಎರಡನ್ನೇ ಬರೆಸಿ. ಗಂಟೆಗೆ ಎಷ್ಟು ಆಯಿಲ್ ಎಂಬ ಲೆಕ್ಕ ಏರತೊಡಗಿದರೆ, ಕಾಗದದ ಮೇಲೆ ಹನಿ ಬೀಳುವ ಮೊದಲೇ ನಿಮಗೆ ತಿಳಿಯುತ್ತದೆ.

ಸೀಲು ಕೊಳ್ಳಲು ಬರುವ ಸದಸ್ಯರು ಹಳೆಯ ಸೀಲನ್ನು ತಪ್ಪದೆ ತರಬೇಕೆಂದು ಕೋರಿಕೆ. ಅದರ ಮೇಲೆ ಒಳಸುತ್ತು, ಹೊರಸುತ್ತು, ದಪ್ಪ ಮೂರೂ ಅಚ್ಚಾಗಿರುತ್ತವೆ. ಬ್ರೀದರ್ ನೋಡಿದಿರಾ ಎಂದು ನಾನು ಮೊದಲು ಕೇಳುತ್ತೇನೆ. ದಯವಿಟ್ಟು ಬೇಸರಿಸಬಾರದು.

— ಕಾರ್ಯದರ್ಶಿ